ಬಂದ ಧ್ವನಿಯನ್ನು ಬರಲಿಲ್ಲ ಎಂದೆ

ಸುರಪುರದ ಹೊಲಗಳಿಗೆ ಕಾಲುವೆ ನೀರು ಮೊದಲ ಸಲ ಹರಿದ ವರ್ಷ, ದೀಪಾವಳಿಗೆ ಮುಂಚಿನ ಭಾನುವಾರ ಬೆಳಿಗ್ಗೆ, ನಾನು ಯಶೋದಾ ಟೀಚರ್‌ಗೆ ಒಂದು ಸುಳ್ಳು ಹೇಳಿದೆ. ಯಾದಗಿರಿಯ ನನ್ನ ಮನೆಯಲ್ಲಿ ರೇಡಿಯೊ ಮೈಕ್ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದೆ: "ಟೀಚರ್, ನಿಮ್ಮ ಕ್ಯಾರಿಯರ್ ಬರಾಕತ್ತದ್ರಿ. ಮಾತು ಬರವಲ್ದು."

ಮಾತು ಬರುತ್ತಿತ್ತು. ಚೆನ್ನಾಗಿಯೇ ಬರುತ್ತಿತ್ತು.

ನಾನು ಪತ್ರಿಕೆಯ ವರದಿಗಾರನಾಗಿದ್ದವನು. ಹವ್ಯಾಸಿ ರೇಡಿಯೊ ನನ್ನ ಬಿಡುವಿನ ಹುಚ್ಚು. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಮನೆಯಿಂದಲೇ ದೂರದವರೊಡನೆ ಮಾತಾಡುವ ನಾವು ಕೆಲವರು ಪ್ರತಿ ಭಾನುವಾರ ಬೆಳಿಗ್ಗೆ ಒಂದೇ ತರಂಗದಲ್ಲಿ ಸೇರುತ್ತಿದ್ದೆವು. ಒಬ್ಬೊಬ್ಬರನ್ನಾಗಿ ಕರೆದು ಮಾತಿಗೆ ಬಿಡುವ ಕೆಲಸ ನನ್ನದು.

ಯಶೋದಾ ಟೀಚರ್ ಸುರಪುರದಲ್ಲಿ ಹೆಣ್ಣುಮಕ್ಕಳಿಗೆ ವಿಜ್ಞಾನ ಕಲಿಸುತ್ತಿದ್ದರು. ಹೈದರಾಬಾದಿನ ಗುಜರಿಯಲ್ಲಿ ಸಿಕ್ಕ ಮಿಲಿಟರಿ ಸಾಮಾನಿನಿಂದ ತಾವೇ ಜೋಡಿಸಿದ ಕಬ್ಬಿಣದ ಪೆಟ್ಟಿಗೆ ಅವರ ಟ್ರಾನ್ಸ್‌ಮಿಟರ್. ಸ್ವಿಚ್ ಹಾಕಿದರೆ ಒಳಗಿನ ಗಾಜಿನ ವಾಲ್ವ್‌ಗಳು ಕೆಂಪಗೆ ಹೊತ್ತಿಕೊಳ್ಳುತ್ತಿದ್ದವು. ಅವು ಕಾಯುವ ತನಕ ಟೀಚರ್ ಚಹಾ ಕುಡಿಯುತ್ತಿದ್ದರು. ಅವರ ಗಂಡ ದೇವಪ್ಪ ಟೇಲರ್. ಪಡಸಾಲೆಯೇ ಅವರ ಅಂಗಡಿ. ಏರಿಯಲ್ ತಂತಿಯ ಮೇಲೆ ಅರಿವೆ ಒಣಹಾಕಿದ್ದಕ್ಕೆ ಹೆಂಡತಿಯಿಂದ ಬೈಸಿಕೊಂಡ ಮೇಲೆ ನನ್ನ ಹತ್ತಿರ ದೂರು ಹೇಳಿದ್ದರು: "ಪೇಪರ್ ಸಾಹೇಬ್ರ, ಇಕಿಗೆ ಮದ್ರಾಸಿನವರ ಮಾತು ಕೇಳ್ತಾವ. ಮನ್ಯಾಗ ನಾ ಒದರೂದು ಕೇಳಂಗಿಲ್ಲ."

ಆ ಪೆಟ್ಟಿಗೆ ಎಎಂ ಎಂಬ ಹಳೆಯ ಪದ್ಧತಿಯದು. ಅದನ್ನು ಟೀಚರ್ ತಮ್ಮ ಶಾಲೆಯ ಹುಡುಗಿಯರಿಗೆ ವಿವರಿಸುತ್ತಿದ್ದ ರೀತಿಯಲ್ಲೇ ಹೇಳುತ್ತೇನೆ — ಕ್ಯಾರಿಯರ್ ಎಂಬ ರೇಡಿಯೊ ಅಲೆ ಅಂದರೆ ಬಂಡಿ, ಮಾತು ಅಂದರೆ ಅದರ ಮೇಲಿನ ಹೇರು. ನಾವು ಉಳಿದವರೆಲ್ಲ ಆ ಹೊತ್ತಿಗೆ ಬಂಡಿಯನ್ನು ಬಿಟ್ಟು ಹೇರನ್ನಷ್ಟೇ ಕಳಿಸುವ ಹೊಸ ಸೆಟ್‌ಗಳಿಗೆ ಬದಲಾಗಿದ್ದೆವು. ಟೀಚರ್ ಬಂಡಿ ಬಂದಾಗ ನಮ್ಮ ಸೆಟ್‌ಗಳಲ್ಲಿ ಒಂದು ಸೀಟಿ ಏಳುತ್ತಿತ್ತು. ತರಂಗದಲ್ಲಿ ಅದಕ್ಕೆ ಜಾಗವೂ ಎರಡು ಪಟ್ಟು ಬೇಕಾಗುತ್ತಿತ್ತು. ಇದು ನಿಜ. ಆದರೆ ನನ್ನ ಹಳೆಯ ರಿಸೀವರಿನಲ್ಲಿ ಕೇಳಿದರೆ ಆ ಧ್ವನಿ — ಮೈತುಂಬಿದ ಧ್ವನಿ. ಅವರ ಬಳೆಯ ಸದ್ದು ಬರುತ್ತಿತ್ತು. ಪಡಸಾಲೆಯಲ್ಲಿ ದೇವಪ್ಪ ಮಷಿನ್ ತುಳಿಯುವುದೂ ಬರುತ್ತಿತ್ತು.

ಒಮ್ಮೆ ನಾನು ಅವರನ್ನು ಕೇಳಿದ್ದೆ, ಈ ಹುಚ್ಚು ನಿಮಗೆ ಹೇಗೆ ಹತ್ತಿತು ಎಂದು.

"ಇಲ್ಲಿ ಯಾರೂ ಯಾವ ಓಣಿಯವರು ಅಂತ ಕೇಳಂಗಿಲ್ರಿ ಸರ್," ಅಂದಿದ್ದರು. "ಸಿಗ್ನಲ್ ಹೆಂಗ ಬಂತು ಅಂತ ಅಷ್ಟ ಹೇಳ್ತಾರ."

ಈ ಮಾತು ಗೊತ್ತಿದ್ದೂ ನಾನು ಹಾಗೆ ಮಾಡಿದೆ. ಅದನ್ನು ಇಲ್ಲಿ ಬರೆದಿಡಬೇಕು.

ಕಾಲುವೆ ಕ್ಯಾಂಪಿನ ಒಬ್ಬ ಇಂಜಿನಿಯರ್ ಸಾಹೇಬರೂ ನಮ್ಮ ಭಾನುವಾರದ ಗುಂಪಿನಲ್ಲಿದ್ದರು. ಯಾವ ಕಾಲುವೆಗೆ ಯಾವಾಗ ನೀರು ಬಿಡುತ್ತಾರೆ ಎಂಬ ಸುದ್ದಿ ಅವರಿಂದ ನನಗೆ ಎಲ್ಲರಿಗಿಂತ ಮೊದಲು ಸಿಗುತ್ತಿತ್ತು. ಅವರು ಒಂದು ದಿನ, "ಟೀಚರ್ ಸೀಟಿ ತಲಿ ತಿನ್ನಾಕತ್ತದ. ಏನರ ಮಾಡ್ರಿ, ನಿಮ್ಮ ಮಾತು ಕೇಳ್ತಾರ" ಅಂದರು. ಸುಳ್ಳು ಹೇಳಿ ಎಂದು ಅವರು ಹೇಳಲಿಲ್ಲ. ಅದು ನನ್ನದೇ ಉಪಾಯ. "ಸ್ವಲ್ಪ ಮೇಲಿನ ತರಂಗಕ್ಕೆ ಹೋಗ್ರಿ, ನಾನೂ ಅಲ್ಲಿಗೆ ಬಂದು ಮಾತಾಡಿಸ್ತೀನಿ" ಅಂದಿದ್ದರೆ ಟೀಚರ್ ನಗುತ್ತ ಹೋಗುತ್ತಿದ್ದರು. ಆದರೆ ಯಾಕೆ ಎಂದು ಕೇಳುತ್ತಿದ್ದರು — ಯಾರು ಹೇಳಿದರು ಎಂದೂ ಕೇಳುತ್ತಿದ್ದರು — ಸಾಹೇಬರ ಹೆಸರು ಹೇಳುವ ಧೈರ್ಯ ನನಗಿರಲಿಲ್ಲ.

ಅದಕ್ಕೇ ಬಂಡಿ ಬಂತು, ಹೇರು ಬರಲಿಲ್ಲ ಎಂದೆ. ಮಾತಾಡುವವರಿಗೆ ತಮ್ಮ ಧ್ವನಿ ದೂರದಲ್ಲಿ ಹೇಗೆ ಇಳಿಯುತ್ತದೆ ಎಂದು ತಿಳಿಯಲು ಬೇರೆ ದಾರಿಯಿಲ್ಲ, ಕೇಳಿದವರು ಹೇಳಬೇಕು. ನಾನು ಹೇಳಿದ ಕೂಡಲೇ ಸಾಹೇಬರು, "ಹೌದ್ರಿ, ನಮಗೂ ಅಷ್ಟ" ಅಂದರು. ಉಳಿದವರು ಸುಮ್ಮನಿದ್ದರು.

ಆ ಭಾನುವಾರ ಟೀಚರ್ ಮತ್ತೆ ಮತ್ತೆ ಕರೆದರು. "ಈಗ ಬಂತೇನ್ರಿ? ಈಗ?" ನಾನು ಮುಂದಿನವರ ಹೆಸರು ಕರೆದೆ.

ಮುಂದೆ ನಡೆದದ್ದು ನನಗೆ ದೇವಪ್ಪನಿಂದ ತಿಳಿಯಿತು. ಪಕ್ಕದ ಮನೆಯವರ ಟ್ರಾನ್ಸಿಸ್ಟರ್ ಹಿಡಿದು ಅವರು ಓಣಿಯ ತುದಿಗೆ ಹೋಗಿ ಕೇಳಿದ್ದರು. ಹೆಂಡತಿಯ ಮಾತು ಖಣಖಣ ಬರುತ್ತಿತ್ತು. ಓಡಿ ಬಂದು ಹೇಳಿದರೆ ಟೀಚರ್ ಒಪ್ಪಲಿಲ್ಲ. "ಓಣ್ಯಾಗ ಕೇಳಿದ್ದು ಲೆಕ್ಕಕ್ಕಿಲ್ಲ. ಯಾದಗಿರಿಗೆ ಮುಟ್ಟಿಲ್ಲ ಅಂದ್ರ ಎಲ್ಲೋ ದುರ್ಬಲ ಆಗ್ಯಾದ. ಸರ್ ಪೇಪರಿನವರು, ನೋಡದ ಬರಿಯಂಗಿಲ್ಲ, ಕೇಳದ ಹೇಳಂಗಿಲ್ಲ."

ಟೀಚರ್ ಪೆಟ್ಟಿಗೆ ಬಿಚ್ಚಿದರು. ನಾನೂ ಸುರಪುರಕ್ಕೆ ಹೋದೆ — ಸಹಾಯ ಮಾಡಲು! ಅವರು ವಾಲ್ವ್ ಒಂದೊಂದನ್ನೇ ಕಿತ್ತು ಒರೆಸಿ ಕೂರಿಸುವಾಗ ಬ್ಯಾಟರಿ ಹಿಡಿದು ನಿಂತೆ. ಅವರ ಮನೆಯ ರೊಟ್ಟಿ, ಪುಂಡಿಪಲ್ಯ ಉಂಡೆ. "ನಿಮ್ಮ ಹಳೀ ರಿಸೀವರ್ ಇಲ್ಲಿಗೆ ತರ್ರಿ ಸರ್, ನಾನ ಕೇಳಿ ನೋಡ್ತೀನಿ" ಅಂದರು. ರಿಪೇರಿಗೆ ಕೊಟ್ಟಿದ್ದೇನೆ ಎಂದೆ. ಅದು ಎರಡನೆಯ ಸುಳ್ಳು. ಮೊದಲನೆಯದಕ್ಕಿಂತ ಸಲೀಸಾಗಿ ಬಂತು.

ಎಲ್ಲ ಸರಿಯಿದೆ ಎಂದು ಖಾತ್ರಿಯಾದ ಮೇಲೆ ಅವರ ಅನುಮಾನ ಧ್ವನಿಯನ್ನು ಅಲೆಯ ಮೇಲೆ ಏರಿಸುವ ಟ್ರಾನ್ಸ್‌ಫಾರ್ಮರ್ ಮೇಲೆ ಹೋಯಿತು. ಹಳೆಯದು, ಅರಗು ಸುರಿದು ಮುಚ್ಚಿದ್ದು. ಬಿಚ್ಚಬೇಡಿ ಎನ್ನಬಹುದಿತ್ತು — ಬಾಯಿಗೆ ಬಂದಿತ್ತು ಕೂಡ. ಅನ್ನಲಿಲ್ಲ. ಅವರು ಅರಗು ಕಾಯಿಸಿ ಬಿಚ್ಚಿದರು. ಒಳಗಿನ ಕೂದಲೆಳೆಯಂಥ ತಂತಿ ತುಂಡುತುಂಡಾಗಿ ಕೈಗೆ ಬಂತು. ಏನೂ ಆಗದ ವಸ್ತು ನನ್ನ ಕಣ್ಣೆದುರೇ ಕೆಟ್ಟಿತು.

"ಹೋಗ್ಲಿ ಬಿಡ್ರಿ," ಟೀಚರ್ ಅಂದರು. "ವಯಸ್ಸಾಗಿತ್ತು ಅದಕ್ಕ." ನನಗೆ ಇನ್ನೊಂದು ರೊಟ್ಟಿ ಹಾಕಿದರು.

ಪೆಟ್ಟಿಗೆ ಜಂತಿಯ ಕೆಳಗಿನ ಅಟ್ಟಕ್ಕೆ ಹೋಯಿತು. ನಮ್ಮ ಭಾನುವಾರಗಳಲ್ಲಿ ಸೀಟಿ ನಿಂತಿತು. ನೀರಿನ ಸುದ್ದಿ ನನಗೆ ಮೊದಲೇ ಸಿಗುತ್ತಲೇ ಇತ್ತು. ನನ್ನ ವರದಿಗಳಲ್ಲಿ ತಪ್ಪು ಬಂದರೆ ಮರುದಿನ ತಿದ್ದುಪಡಿ ಹಾಕಿಸುತ್ತಿದ್ದೆ, ಅದು ನನ್ನ ಹೆಮ್ಮೆಯಾಗಿತ್ತು. ಈ ತಿದ್ದುಪಡಿಯನ್ನು ನೌಕರಿಯಿಂದ ನಿವೃತ್ತನಾಗಿ, ತಲೆ ಪೂರ್ತಿ ಬೆಳ್ಳಗಾದ ಮೇಲೂ ಹಾಕಿರಲಿಲ್ಲ.

ಈ ವರ್ಷದ ಶ್ರಾವಣದಲ್ಲಿ ಸುರಪುರಕ್ಕೆ ಹೋದೆ. ಟೀಚರ್ ಕೂಡ ನಿವೃತ್ತರು. ದೇವಪ್ಪನಿಗೆ ಕಣ್ಣು ಮಂದವಾಗಿದೆ, ಗುಂಡಿ ಹಚ್ಚುವ ಕೆಲಸ ಮಾತ್ರ ಮಾಡುತ್ತಾರೆ. ಇಬ್ಬರ ಎದುರಿಗೂ ಹೇಳಿದೆ, ಹೀಗೆಯೇ, ಮೊದಲಿನಿಂದ ಕೊನೆಯ ತನಕ.

ದೇವಪ್ಪ ತೊಡೆ ತಟ್ಟಿಕೊಂಡರು. "ನಾ ಅವತ್ತ ಹೇಳಿದ್ದೆ! ಕೇಳಿದಿ ನೀ? ಗಂಡನ ಕಿವಿ ಕಿವಿ ಅಲ್ಲ, ಯಾದಗಿರಿ ಕಿವಿನ ಕಿವಿ!"

ಟೀಚರ್ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. ಚಹಾ ಆರಿತು. ಆಮೇಲೆ ಕೇಳಿದರು: "ಹಂಗಾದ್ರ ಅವತ್ತು ನನ್ನ ಧ್ವನಿ ಹೆಂಗ ಇತ್ರಿ?"

ಅವತ್ತು ಕೊಡಬೇಕಾಗಿದ್ದ ಉತ್ತರವನ್ನು ಕೊಟ್ಟೆ. ತುಂಬು ಧ್ವನಿ, ಎಲ್ಲೂ ಒಡಕಿಲ್ಲ, ಗುಂಯ್ ಎನ್ನುವ ಸದ್ದು ಸ್ವಲ್ಪವೂ ಇಲ್ಲ. ಬಳೆ ಕೇಳುತ್ತಿತ್ತು. ಹಿಂದೆ ಹೊಲಿಗೆ ಮಷಿನ್ ಕೇಳುತ್ತಿತ್ತು.

"ಅಂದ್ರ ಲೈಸೆನ್ಸ್ ಇಲ್ದ ನಾನೂ ಹವಾದಾಗ ಇದ್ದೆ ಅನ್ರಿ!" ಅಂದರು ದೇವಪ್ಪ. ಟೀಚರ್ ನಗಲಿಲ್ಲ. ಎದ್ದು ಒಳಗೆ ಹೋದರು. ನಾನು ಚಪ್ಪಲಿ ಮೆಟ್ಟುವಾಗ ಹೊರಗೆ ಬಂದು, "ಪೆಟಗಿ ಅಟ್ಟದಿಂದ ಇಳಿಸಿ ಕೊಟ್ಟು ಹೋಗ್ರಿ, ಇವರ ಕೈಲಿ ಆಗಂಗಿಲ್ಲ" ಅಂದರು. ಇಳಿಸಿಕೊಟ್ಟೆ.

ಟ್ರಾನ್ಸ್‌ಫಾರ್ಮರಿಗೆ ಅವರೇ ಕೂತು ಹೊಸ ತಂತಿ ಸುತ್ತಿದ್ದಾರೆ. ಲೈಸೆನ್ಸ್ ನವೀಕರಿಸುವುದನ್ನು ಅವರು ಎಂದೂ ತಪ್ಪಿಸಿರಲಿಲ್ಲ.

ಕಳೆದ ಭಾನುವಾರ ಬೆಳಿಗ್ಗೆ ನಾನು ಯಾದಗಿರಿಯಲ್ಲಿ ಹಳೆಯ ರಿಸೀವರ್ ಹಚ್ಚಿ ಕುಳಿತೆ. ಟೀಚರ್ ಹೇಳಿದ ಹೊತ್ತಿಗೆ ಕ್ಯಾರಿಯರ್ ಬಂತು, ಗಟ್ಟಿಯಾಗಿ. ಕಿವಿಗೊಟ್ಟು ಕಾದೆ. ಮಾತು ಇರಲಿಲ್ಲ — ನಿಜವಾಗಿಯೂ ಇರಲಿಲ್ಲ. ಫೋನ್ ಮಾಡಿ ಹಾಗೆಯೇ ಹೇಳಿದೆ.

"ಖರೇನಾ?" ಅಂದರು ಟೀಚರ್.

"ಖರೇನ್ರಿ," ಅಂದೆ.

ಅವರು ಫೋನ್ ಕೆಳಗಿಟ್ಟರು, ಕಟ್ ಮಾಡಲಿಲ್ಲ. ಟ್ರಾನ್ಸಿಸ್ಟರ್ ತಗೊಂಡು ಓಣಿ ತುದಿಗೆ ಹೋಗಿ ಕೇಳಿ ಬರ್ರಿ ಎಂದು ದೇವಪ್ಪನಿಗೆ ಹೇಳಿದ್ದು ನನಗೆ ಕೇಳಿಸಿತು.