ಹಳದಿ ವಿಮಾನದ ಧೂಳಪ್ಪ

ಅಕ್ಕಲಕೋಟದ ಬಡಿಗ ಧೂಳಪ್ಪ ಕಾಕಾ ಪ್ರಾಯದಲ್ಲಿ ವಾಯುಪಡೆಯ ತರಬೇತಿ ಕೇಂದ್ರದಲ್ಲಿ ಮರಗೆಲಸ ಮಾಡಿದವನು. ಪಿಂಚಣಿಗೆ ಬಂದ ಮೇಲೆ ಅಲ್ಲಿ ಹಾರಾಟ ಕಲಿಸುತ್ತಿದ್ದ ಹಳೆಯ ಹಾರ್ವರ್ಡ್ ವಿಮಾನಗಳನ್ನೇ ಸಾಗವಾನಿಯಲ್ಲಿ ಮೊಳದುದ್ದ ಕೆತ್ತುತ್ತಿದ್ದ. ಬಣ್ಣ ನನ್ನದು, ನಾನು ಬೋರ್ಡು ಬರೆಯುವ ಪೇಂಟರ್. ಪ್ರತಿ ಸಲವೂ ಅವನದು ಒಂದೇ ಮಾತು: "ಹಳದೀನೇ ಹಚ್ಚೋ ತಮ್ಮಾ. ಕಲಿಯೋ ಹುಡುಗ ಹಾರಾಕತ್ತಾನ ಅಂತ ದೂರದಿಂದ ಕಾಣಬೇಕು. ಉಳಿದವರು ದಾರಿ ಬಿಡಬೇಕು."

ಸೋಲಾಪುರದ ಬಟ್ಟೆ ವ್ಯಾಪಾರಿ ಗುರುಶಾಂತ ಶೇಟ್ ತನ್ನ ಅಂಗಡಿಯ ಗಾಜಿನ ಕಪಾಟಿಗೆಂದು ಅಂಥದೊಂದು ವಿಮಾನ ಮಾಡಿಸಿದ. ಕಾಕಾ ಎರಡು ತಿಂಗಳು ಕೂತು, ಮುಂದೆ ಶಿಷ್ಯನ ಸೀಟು, ಹಿಂದೆ ಗುರುವಿನ ಸೀಟು ಕೊರೆದ. ಬಣ್ಣದ ಹೊತ್ತಿಗೆ ಶೇಟ್ ನನ್ನ ಬಳಿ ಬಂದು, "ಹಳದಿ ಬ್ಯಾಡಪಾ, ಸಾಲಿ ಹುಡುಗರ ರಿಕ್ಷಾ ಕಂಡಂಗ ಕಾಣತೈತಿ. ಮಿಲ್ಟ್ರಿ ಹಸಿರು ಹಚ್ಚು, ರೆಕ್ಕಿ ಕೆಳಗ ಎರಡು ಬಾಂಬ್ ಕೂಡಿಸು" ಎಂದ. ಹಿಂದಿನ ದಿನವೇ ಕಾಕಾ ನನ್ನ ಕೆಲಸದಲ್ಲಿ ತಪ್ಪು ಹುಡುಕಿ ಹೆಸರಿಟ್ಟಿದ್ದ. ಆ ಸಿಟ್ಟಿನಲ್ಲಿ ಕಾಕಾನನ್ನು ಕೇಳದೆ ಹಸಿರು ಹಚ್ಚಿ, ಬಾಂಬೂ ಕೂಡಿಸಿಬಿಟ್ಟೆ.

ಕಪಾಟಿನಲ್ಲಿ ಇಡುವ ದಿನ ನಾನೂ ಶೇಟ್‌ನ ಅಂಗಡಿಯಲ್ಲಿದ್ದೆ; ಕಾಕಾ ಬಂದು ನೋಡಿದ. ಬೈಯಲಿಲ್ಲ. "ಇನ್ನಾ ಕಲಿಯಾಕತ್ತ ಹುಡುಗನ್ನ ಲಡಾಯಿಗೆ ಕಳಿಸಿದೆಲ್ಲೋ" ಎಂದು ನನಗೆ ಹೇಳಿ ಬಸ್ಸು ಹಿಡಿದ. ಆಮೇಲೆ ಅವನು ಮಾಡಿದ್ದು ಲಟ್ಟಣಿಗೆ, ಮಣೆ ಮಾತ್ರ. ಹೋದ ವರ್ಷ ತೀರಿಕೊಂಡ.

ಮಣ್ಣು ಮಾಡಿದ ಮರುದಿನ ಹಳದಿ ಬಣ್ಣದ ಡಬ್ಬಿ ಹಿಡಿದು ಸೋಲಾಪುರಕ್ಕೆ ಹೋದೆ.

"ಪುಕ್ಕಟೆ ಹಚ್ಚತೀನ್ರಿ ಶೇಟ್, ಒಂದು ದಿನ ಕೊಡ್ರಿ."

"ಗಿರಾಕಿ ಅದರ ಮುಂದ ನಿಂತು ಫೋಟೋ ತಕ್ಕೋತಾರ. ಹಂಗ ಇರಲಿ ಬಿಡು."

ಬಾಯಿಗೆ ಬಂದಂತೆ ಬೈದು ಬಂದೆ. ಬೈಸಿಕೊಳ್ಳಬೇಕಾದವನು ನಾನು ಎಂಬುದು ಬೈಯುವಾಗಲೂ ಗೊತ್ತಿತ್ತು.