ಬಲಕ್ಕೆ ತಿರುಗಿದರೆ ಕೂಗುವ ಕಾರು

ಎದುರಿನ ಗ್ಯಾರೇಜಿನ ಮಿಸ್ತ್ರಿಯವರ ಬಲಗಿವಿಯ ಮೇಲೆ ಬಳೆಯಂಥ ಗ್ರೀಸಿನ ಒಂದು ಕರಿ ಕಲೆ ಇರುತ್ತಿತ್ತು. ಮದುವೆ ಮನೆಗೆ ಇಸ್ತ್ರಿ ಅಂಗಿ ತೊಟ್ಟು, ಅತ್ತರು ಹಚ್ಚಿಕೊಂಡು ಬಂದರೂ ಕಿವಿ ಮಾತ್ರ ಹಾಗೇ. ಹಳೆಯ ಕಾರು ಬಂದರೆ ಅವರು ಮೊದಲು ಬೋಲ್ಟು ಬಿಚ್ಚುವ ಪಾನಾ ಹಿಡಿಯುತ್ತಿರಲಿಲ್ಲ. ಒಳಗೆ ಕೂತು, ಬಾಗಿಲು ಹಾಕಿಕೊಂಡು, ಸ್ಟೇರಿಂಗಿನ ಕಂಬಕ್ಕೆ ಕಿವಿ ಹಚ್ಚಿ ಚಕ್ರವನ್ನು ಮೆಲ್ಲಗೆ ತಿರುಗಿಸುತ್ತಿದ್ದರು. ಮಾಲೀಕ ಏನಾದರೂ ಹೇಳಹೋದರೆ, "ನೀವು ಚಾ ಕುಡದ ಬರ್ರಿ, ಗಾಡಿ ಹೇಳತೈತಿ" ಅನ್ನುತ್ತಿದ್ದರು.

ಈ ನಾಟಕ ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಘಟಪ್ರಭಾದ ಆ ರಸ್ತೆಯಲ್ಲಿ ಎಡಕ್ಕೆ ನನ್ನ ಗ್ಯಾರೇಜು, ಬಲಕ್ಕೆ ಅವರದು. ನನ್ನದಕ್ಕೆ ಹೊಸ ತಗಡು, ಗೋಡೆಗೆ ಬಣ್ಣ. ಅವರದು ಬೇವಿನ ಮರದ ಕೆಳಗೊಂದು ತುಕ್ಕು ಹಿಡಿದ ಷಟರು. ಆದರೂ ಗೋಕಾಕ, ಹುಕ್ಕೇರಿಯ ಹಳೆಯ ಕಾರುಗಳೆಲ್ಲ ನನ್ನನ್ನು ದಾಟಿ ಅವರ ಮುಂದೆ ನಿಲ್ಲುತ್ತಿದ್ದವು. ಅದನ್ನಾದರೂ ನುಂಗಿಕೊಳ್ಳುತ್ತಿದ್ದೆ. ಮೂಡಲಗಿಯಿಂದ ಬರುವ, ನನಗೆ ಹೆಣ್ಣು ಕೊಟ್ಟ ಮಾವನ ಬಿಳಿ ಕಾರೂ ಅಲ್ಲಿಗೇ ಹೋಗುತ್ತಿತ್ತಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಒಮ್ಮೆ ಆ ಕಾರಿಗೆ ವಿಚಿತ್ರ ರೋಗ ಬಂತು. ಸ್ಟೇರಿಂಗ್ ಬಲಕ್ಕೆ ತಿರುಗಿಸಿದರೆ ಹಾರ್ನು ತಾನೇ ಕೂಗಿಕೊಳ್ಳುತ್ತಿತ್ತು. ಈ ಸಲವಾದರೂ ನನ್ನಲ್ಲಿಗೆ ಬರುತ್ತಾರೆಂದು ಕೈ ಒರೆಸಿಕೊಂಡು ಎದ್ದು ನಿಂತೆ. ಕಾರು ನನ್ನ ಮುಂದೆ ನಿಧಾನವಾಯಿತು. ಮಾವ ಕೈಮುಗಿದರು. ಆಮೇಲೆ ಬಲಕ್ಕೆ ತಿರುಗಿಸಿದರು. ಹಾರ್ನು ಇಡೀ ರಸ್ತೆಗೆ ಕೇಳುವಂತೆ ಹೊಡೆದುಕೊಂಡಿತು. ಚಾದಂಗಡಿಯವರು, ಬಸ್ಸಿಗೆ ನಿಂತವರು, ಎಲ್ಲರೂ ತಿರುಗಿ ಮೊದಲು ಮಾವನನ್ನು ನೋಡಿದರು, ಆಮೇಲೆ ನನ್ನನ್ನು.

ಅದು ಸಾಲದೆಂದು ಮಿಸ್ತ್ರಿ ಆಚೆಯಿಂದ ಕೂಗಿದರು: "ಏ ಅಳಿಯಾ, ನಿಮ್ಮ ಮಾವಾರು ಬಂದಾರ, ಎರಡ ಚಾ ಹೇಳಪಾ!"

ಹೇಳಿದೆ. ಹೇಳದಿದ್ದರೆ ಹೆಂಡತಿ ಬಿಡುತ್ತಾಳೆಯೇ? ಚಾ ಜೊತೆಗೆ ನಾನೂ ಹೋಗಿ, "ಯಾಕ್ರಿ ಮಾವಾರ, ನನ್ನ ಕಡೆ ಬಂದಿದ್ರ ಆಗ್ತಿರ್ಲಿಲ್ಲೇನ್ರಿ?" ಎಂದು ಕೇಳಿಯೇಬಿಟ್ಟೆ.

"ಛೇ ಛೇ, ಅಳಿಯಾರನ್ನ ಗಾಡಿ ಕೆಳಗ ಮಲಗಿಸಿದ್ರ ಮಂದಿ ಏನಂದಾರ್ರಿ?" ಎಂದರು ಮಾವ.

"ಅಳಿಯ ಅಂದ್ರ ದೇವರಿದ್ದಂಗ. ದೇವರ ಕೈಗೆ ಗ್ರೀಸ್ ಹಚ್ತಾರೇನು?" ಎಂದು ಮಿಸ್ತ್ರಿ ನಕ್ಕರು. ಕಂಬಕ್ಕೆ ಕಿವಿ ಹಚ್ಚಿ, ನನ್ನನ್ನೂ ಕರೆದರು: "ಬಾ, ನೀನೂ ಕೇಳು. ಕಣ್ಣಿಗೆ ಕಾಣೂದನ್ನ ಯಾರರ ಮಾಡ್ತಾರ."

"ನನ್ನ ಕಿವಿ ಸ್ವಚ್ಛ ಐತ್ರಿ ಕಾಕಾ, ಹಂಗ ಇರ್ಲಿ" ಎಂದೆ.

ಅವರು ಬೇಸರಪಟ್ಟುಕೊಳ್ಳಲಿಲ್ಲ. ಸ್ಟೇರಿಂಗಿನ ನಡುವಿನ ಹಾರ್ನಿನ ಗುಂಡಿ ಬಿಚ್ಚಿ, ಹಾರ್ನಿಗೆ ಕರೆಂಟು ಮುಟ್ಟಿಸುವ, ಒಳಗೆ ಬಾಗಿದ್ದ ಉಗುರಿನಷ್ಟು ಹಿತ್ತಾಳೆಯ ಪಟ್ಟಿಯನ್ನು ತಿದ್ದಿ ಉಜ್ಜಿ ಕೂಡಿಸಿದರು. ಆಮೇಲೆ ಬಾನೆಟ್ ಎತ್ತಿ ಹಾರ್ನಿನ ಹಿಂದಿನ ಸ್ಕ್ರೂ ತಿರುವತೊಡಗಿದರು. ಸೋಮವಾರದ ಭಜನೆಗೆ ಹಾರ್ಮೋನಿಯಂ ನುಡಿಸುವ ಮನುಷ್ಯ. ಹಾರ್ನನ್ನೂ ಶ್ರುತಿ ಮಾಡದೆ ಬಿಡುತ್ತಿರಲಿಲ್ಲ. ಮಾವ ಆ ಸ್ವರಕ್ಕೆ ಕಣ್ಣು ಮುಚ್ಚಿ ತಲೆದೂಗಿದರು. ನನ್ನ ಯಾವ ಕೆಲಸಕ್ಕೂ ಅವರು ಹಾಗೆ ತಲೆದೂಗಿದ್ದಿಲ್ಲ.

ಕಳೆದ ಯುಗಾದಿಗೆ ಮುಂಚೆ ಮಿಸ್ತ್ರಿ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ದುಃಖವಾಗಿತ್ತು. ಆದರೂ ವಾಪಸು ಬರುವಾಗ, ಇನ್ನು ಮಾವನ ಕಾರಿಗೆ ನಾನೇ ಗತಿ ಎಂಬ ವಿಚಾರ ಬಂದದ್ದು ಖರೆ.

ಕಾರು ಬಂತು. ಈ ಸಲ ಹಾರ್ನು ಪೂರ್ತಿ ಮೂಕ. ಸದ್ದಿಲ್ಲದೆ ಬಲಕ್ಕೆ ತಿರುಗಿ, ಮುಚ್ಚಿದ ಷಟರಿನ ಮುಂದೆ ನಿಂತಿತು. ಮಾವ ಇಳಿಯಲಿಲ್ಲ, ಸ್ಟೇರಿಂಗ್ ಹಿಡಿದು ಷಟರನ್ನೇ ನೋಡುತ್ತ ಕೂತರು. ಇತ್ತ ಬರಲಿ ಎಂದು ಕಾದೆ. ಬರಲಿಲ್ಲ. ಕಡೆಗೆ ಪಾನಾ ತೆಗೆದುಕೊಂಡು ನಾನೇ ರಸ್ತೆ ದಾಟಿದೆ.

"ಬ್ಯಾಡ್ರಿ ಅಳಿಯಾರ..."

"ನೀವು ಚಾ ಕುಡದ ಬರ್ರಿ" ಎಂದೆ. ಅದು ಯಾರ ಮಾತೆಂದು ಆಮೇಲೆ ಹೊಳೆಯಿತು. ಅದೇ ಬೇವಿನ ನೆರಳಲ್ಲಿ ಒಳಗೆ ಕೂತು, ಬಾಗಿಲು ಹಾಕಿಕೊಂಡು, ಕಂಬಕ್ಕೆ ಕಿವಿ ಹಚ್ಚಿದೆ. ಚಕ್ರ ತಿರುಗಿಸಿದಾಗ ಒಳಗೆ ಏನೋ ಕಿರ್ ಎಂದಿತು. ಬಿಚ್ಚಿ ನೋಡಿದರೆ ಪಟ್ಟಿ ಮುರಿದಿತ್ತು. ಹೊಸದು ಕತ್ತರಿಸಿ ಕೂಡಿಸಿದೆ. ಹಾರ್ನು ಕೂಗಿತು.

ಮಾವ ಓಡಿ ಬಂದರು. "ಚಲೋ ಆತ್ರಿ" ಎಂದವರು, ತುಸು ತಡೆದು, "ಹಿಂದಿನ ಸ್ಕ್ರೂ ಮುಟ್ಟಿಲ್ಲಲ್ರಿ? ಅದು ಮಿಸ್ತ್ರಿ ಶ್ರುತಿ ಕೂಡಿಸಿದ್ದು, ಹಂಗ ಇರ್ಲಿ" ಎಂದರು.

ಮುಟ್ಟಿರಲಿಲ್ಲ. ಮುಟ್ಟುವ ಧೈರ್ಯವೂ ಇರಲಿಲ್ಲ. ಎಂಥ ಮನುಷ್ಯ ನೋಡಿ ಆ ಮಿಸ್ತ್ರಿ, ಹೋಗುವಾಗಲೂ ನನ್ನ ಮಾವನನ್ನು ನನಗೆ ಪೂರ್ತಿ ಬಿಟ್ಟುಕೊಡಲಿಲ್ಲ.

ಸಂಜೆ ಮನೆಗೆ ಬಂದರೆ ಹೆಂಡತಿ ನಕ್ಕಳು: "ಕಿವಿಗೆ ಏನ್ರಿ ಅದು, ಕರ್ರಗ?"

ಸೋಪು ಹಚ್ಚಿ ತಿಕ್ಕಿದೆ. ಹೋಗಲಿಲ್ಲ. ಈಗೀಗ ತಿಕ್ಕುವುದನ್ನೂ ಬಿಟ್ಟಿದ್ದೇನೆ.