ದರ್ಬಾರಿನ ಬೆನ್ನು ತೀಡುವ ಮೆಹ್ತಾಬ್ ಬೀಬಿ

ಲಾಹೋರಿನ ಮೋಚಿ ದರ್ವಾಜಾದ ಓಣಿಗೆ ಇನ್ನೂ ಬೆಳಕು ಇಳಿದಿಲ್ಲ. ಕುಲ್ಚಾ ಅಂಗಡಿಯ ಒಲೆ ಈಗಷ್ಟೇ ಹೊತ್ತಿಕೊಂಡಿದೆ. ಮಹಡಿಯ ಕೋಣೆಯಲ್ಲಿ ಮೆಹ್ತಾಬ್ ಬೀಬಿ ಮೊಘಲ್ ಬಾದಶಹನನ್ನು ಅಮೃತಶಿಲೆಯ ಹಲಗೆಯ ಮೇಲೆ ಮಕಾಡೆ ಮಲಗಿಸಿದ್ದಾರೆ. ಜೊತೆಗೆ ಅವನ ವಜೀರರು, ಆನೆ, ಕಾರಂಜಿ, ಇಡೀ ದರ್ಬಾರು. ಬೀಬಿಗೆ ಕಾಣುವುದು ಚಿತ್ರದ ಕಾಗದದ ಬಿಳಿ ಬೆನ್ನು ಮಾತ್ರ. ಅದರ ಮೇಲೆ ಗಾಜಿನಷ್ಟು ನುಣುಪಾದ ಅಕೀಕ್ ಕಲ್ಲನ್ನು ಒತ್ತಿ ಒತ್ತಿ ಎಳೆಯುತ್ತಾರೆ. ಹೀಗೆ ತೀಡಿದರೇ ಆಚೆ ಬದಿಯ ಬಣ್ಣ ಕಾಗದಕ್ಕೆ ಕಚ್ಚಿಕೊಂಡು ಹೊಳೆಯುವುದು.

"ಬೆಳಗಿನ ತಂಪಲ್ಲಿ ಕಾಗದ ಹೇಳಿದ ಮಾತು ಕೇಳುತ್ತೆ. ಬಿಸಿಲೇರಿದ್ರೆ ನಮ್ಮೆಜಮಾನ್ರ ಥರ, ಮುಟ್ಟಿದರೆ ಮುನಿ!"

ಯಜಮಾನರು, ಉಸ್ತಾದ್ ಸಿಬ್ತೈನ್, ಮೆಟ್ಟಿಲ ಮೇಲೆ ಮುಖ ತಿರುಗಿಸಿ ಕೂತಿದ್ದಾರೆ. ಚಿತ್ರ ಅವರದು, ಹೆಸರೂ ಅವರದು. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ ಈ ಕಲ್ಲನ್ನು ಸೊಸೆಯ ಕೈಗಿಟ್ಟರು. ಅಂದಿನಿಂದ ಬೀಬಿಯ ಪಾಲಿಗೆ ಬೆನ್ನೇ; ಚಿತ್ರದ ಮುಂಬದಿಗೆ ಅವರು ಬೆರಳು ತಾಗಿಸಿದ್ದಿಲ್ಲ. ಬೇಸರವಿಲ್ಲವೇ ಎಂದರೆ ನಗುತ್ತಾರೆ.

"ಕಲ್ಲು ಎಳೀತಾ ಎಳೀತಾ ನಾನೂ ದರ್ಬಾರಿನೊಳಗೆ ಹೋಗಿಬಿಡ್ತೀನಿ. ಇಲ್ಲಿ ರತ್ನಗಂಬಳಿ, ಇಲ್ಲಿ ನೀರು ಚಿಮ್ಮುತ್ತೆ. ಯಾಕೆ ಬಂದೆ ಅಂತ ಯಾರೂ ಕೇಳಲ್ಲ."

ಇವತ್ತು ಮಾತ್ರ ಕಲ್ಲನ್ನು ಅಳೆದು ಅಳೆದು ಎಳೆಯುತ್ತಾರೆ. ಉಸ್ತಾದರ ಕಣ್ಣು ಮಂಜಾಗಿದೆ, ವೈದ್ಯರೂ ಕೈಚೆಲ್ಲಿದ್ದಾರೆ. ಇನ್ನೊಂದು ದರ್ಬಾರು ಅವರಿಂದಾಗದು. ಕಲ್ಲು ಜಾರಿದರೆ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಒಂದೆಡೆ ಕಲ್ಲು ತಡೆಯುತ್ತದೆ. ಬೀಬಿ ಕೈ ಹಿಂತೆಗೆಯುತ್ತಾರೆ. ಮೆಲ್ಲಗೆ ಕಾಗದ ಮಗುಚುತ್ತಾರೆ. ಬಾದಶಹ ಕ್ಷೇಮ. ಸಿಂಹಾಸನದ ಹಿಂದೆ ಚಾಮರ ಹಿಡಿದವನ ಕೆನ್ನೆಯಲ್ಲಿ ಮಾತ್ರ ಚೂರು ಬಣ್ಣ ಎದ್ದುಹೋಗಿದೆ. ಹೇಳದೆ ಇದ್ದರೆ ಉಸ್ತಾದರಿಗೆ ಗೊತ್ತೇ ಆಗುವುದಿಲ್ಲ. ಆದರೂ ಬೀಬಿ ಹೇಳಿಬಿಡುತ್ತಾರೆ.

"ರೀ, ಒಬ್ಬನ ಕೆನ್ನೆ ಹೋಯ್ತು."

"ಯಾರದು?"

"ಚಾಮರದವನದು."

ಉಸ್ತಾದರು ಮೆಟ್ಟಿಲಿನಿಂದ ಏಳುತ್ತಾರೆ. ಆಮೇಲೆ ಗೋಡೆ ತಡವುತ್ತ ಬಂದು ಅಳಿಲುಕೂದಲಿನ ಕುಂಚವನ್ನು ಹೆಂಡತಿಯ ಕೈಗಿಡುತ್ತಾರೆ.

"ನೀನೇ ಬಣ್ಣ ಇಡು."

"ನಂಗೆಲ್ಲಿ ಬರುತ್ತೆ? ಮಂಗನ ಮೂತಿ ಮಾಡಿಟ್ಟೇನು!"

"ಇಷ್ಟು ವರ್ಷ ಅವರ ಬೆನ್ನು ತೀಡಿದ್ದೀಯ ಬೇಗಂ. ಒಂದು ಕೆನ್ನೆ ಮುಟ್ಟಿದ್ರೆ ಯಾರೂ ಬಯ್ಯಲ್ಲ."

ಬೀಬಿ ಉಸಿರು ಬಿಗಿಹಿಡಿದು ಒಂದು ಚುಕ್ಕೆ ಇಡುತ್ತಾರೆ. ಉಳಿದವರಿಗಿಂತ ಆ ಸೇವಕನ ಕೆನ್ನೆ ತುಸು ಹೆಚ್ಚೇ ಕೆಂಪಗಾಗಿದೆ. ಕಿಟಕಿಯಿಂದ ಬಿಸಿಲು ಬಂದು ದರ್ಬಾರಿನ ಚಿನ್ನವೆಲ್ಲ ಮಿನುಗತೊಡಗುತ್ತದೆ. ಬೀಬಿಗೆ ಅದರ ಕಡೆ ಗಮನವಿಲ್ಲ. ಅವನೊಬ್ಬನನ್ನೇ ನೋಡುತ್ತ ಕೂತಿದ್ದಾರೆ, ಕಣ್ಣು ತುಂಬಿದೆ.

ಏನಾದರೂ ಆಸೆ ಉಂಟೇ ಎಂದರೆ ಇಲ್ಲವೆಂದು ತಲೆಯಾಡಿಸುತ್ತಾರೆ.

"ಚಿತ್ರ ಎಲ್ಲಿಗೆ ಹೋದ್ರೂ ಜನ ಬಾದಶಹನ್ನೇ ನೋಡ್ತಾರೆ. ನೋಡ್ಲಿ ಬಿಡಿ. ಹಿಂದೆ ನಿಂತಿದಾನಲ್ಲ, ಅವನು ನನ್ನವನು."